ಹತ್ತೊಂಬತ್ತು ನಿಮಿಷ, ಮಾತು ಅಸ್ಪಷ್ಟ

ಆ ಹತ್ತೊಂಬತ್ತು ನಿಮಿಷಗಳ ಮಾತು ಅಸ್ಪಷ್ಟವಾಗಿರಲಿಲ್ಲ. ಒಂದೊಂದು ಅಕ್ಷರವೂ ಕೇಳುತ್ತಿತ್ತು. ಆದರೂ ‘ಮಾತು ಅಸ್ಪಷ್ಟ’ ಎಂದು ಟೈಪ್ ಮಾಡಿದವಳು ನಾನು. ಸತ್ತುಹೋದ ಒಬ್ಬ ನಿರಪರಾಧಿಯ ಮೇಲಿದ್ದ ಕಳಂಕ ನನ್ನಿಂದಾಗಿ ಇನ್ನೂ ಎಂಟು ವರ್ಷ ಉಳಿಯಿತು. ಅದನ್ನು ತೊಡೆಯಬೇಕೆಂದು ತೊಂಬತ್ತರ ವಯಸ್ಸಿನಲ್ಲಿ ಬಾಯಿಬಿಟ್ಟ ಹಿರಿಯರಿಗೆ ಎದುರಿಗೆ ಕೂತು ಸುಳ್ಳು ಹೇಳಿದೆ. ಆಮೇಲೆ, ಸತ್ತವನ ಮಗಳೇ ಕೇಳಿದಾಗ, ಅವಳಿಗೂ ಹೇಳಿದೆ.

ಈ ಬರಹವನ್ನು ಬೇರೆ ಯಾವ ಮಾತಿನಿಂದ ಶುರುಮಾಡಿದರೂ ಅದು ತಪ್ಪಿಸಿಕೊಳ್ಳುವ ದಾರಿಯಾಗುತ್ತಿತ್ತು.

ನನಗೆ ಹೈಸ್ಕೂಲಿನಿಂದಲೂ ದಿನಚರಿ ಬರೆಯುವ ಅಭ್ಯಾಸ. ಭಾವನೆಗಳನ್ನು ಬರೆಯುವವಳಲ್ಲ. ದಿನಾಂಕ, ಹೊರಟ ಹೊತ್ತು, ತಲುಪಿದ ಹೊತ್ತು, ಮುಗಿದ ಕೆಲಸ ಎಷ್ಟು, ಬಾಕಿ ಎಷ್ಟು. ದಾವಣಗೆರೆಯಲ್ಲಿ ಬಿಡಿಎಸ್ ಓದುವಾಗ ಕಿತ್ತ ಹಲ್ಲುಗಳ ಲೆಕ್ಕವನ್ನೂ ಹೀಗೇ ಇಟ್ಟಿದ್ದೆ. 2010ರ ಆಗಸ್ಟಿನಲ್ಲಿ ಪಬ್ಲಿಕ್ ಹೆಲ್ತ್ ಓದಲು ಅಮೆರಿಕದ ಸ್ಯಾನ್ ಡಿಯೇಗೋಗೆ ಬಂದೆ. ಇಲ್ಲಿ ಈ ಓದಿಗೆ ಬರುವ ನಮ್ಮ ಕಡೆಯವರಲ್ಲಿ ಅರ್ಧದಷ್ಟು ಜನ ಹಲ್ಲಿನ ಡಾಕ್ಟರುಗಳೇ. ಮೊದಲ ವರ್ಷದ ಕೊನೆಗೆ ನನ್ನ ಪ್ರೊಫೆಸರ್ ಒಂದು ಕೆಲಸ ಕೊಟ್ಟರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರ ವಸಾಹತುಗಳಲ್ಲಿ ಆರೋಗ್ಯ ಇಲಾಖೆ ನಡೆಸಿದವರು, ಅಲ್ಲಿನವರಿಗೆ ವೈದ್ಯಕೀಯ ತರಬೇತಿ ಕೊಟ್ಟವರು — ಇನ್ನೂ ಬದುಕಿರುವವರ ನೆನಪುಗಳನ್ನು ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ಸಂಗ್ರಹಾಲಯಕ್ಕೆ ಕೊಡಬೇಕು. ಅಲ್ಲಿಯ ತನಕ ಸಿಕ್ಕಿದ್ದವರೆಲ್ಲ ಬಿಳಿಯರು. “ಭಾರತೀಯ ಡಾಕ್ಟರ್ ಯಾರಾದರೂ ಗೊತ್ತಾ?” ಎಂದು ಕೇಳಿದರು. ನನಗೆ ಗೊತ್ತಿತ್ತು.

ಲಾಸ್ ಏಂಜಲಿಸ್ ಹತ್ತಿರದ ಡೈಮಂಡ್ ಬಾರ್ ಎಂಬ ಊರಿನ ಸುಧಾ ಆಂಟಿ ಮಕ್ಕಳ ಡಾಕ್ಟರ್. ಆ ವರ್ಷದ ಯುಗಾದಿ ಊಟದಲ್ಲಿ ಪರಿಚಯವಾದವರು. ಅವರ ತಂದೆ ಡಾಕ್ಟರ್ ಅನಂತಯ್ಯನವರು ಮೈಸೂರಿನಲ್ಲಿ ಓದಿ, ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಟಾಂಗಾನಿಕಾಕ್ಕೆ, ಅಂದರೆ ಈಗಿನ ತಾಂಜಾನಿಯಾಕ್ಕೆ, ಹೋಗಿ, ಅಲ್ಲಿನ ಬೆಟ್ಟದ ಸೀಮೆಯ ಒಂದು ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ‘ಡ್ರೆಸ್ಸರ್’ಗಳಿಗೆ ತರಬೇತಿ ಕೊಟ್ಟವರು. ಡ್ರೆಸ್ಸರ್ ಎಂದರೆ ಗಾಯ ಕಟ್ಟುವವನು, ಇಂಜೆಕ್ಷನ್ ಕೊಡುವವನು, ಡಾಕ್ಟರ್ ಇಲ್ಲದ ಊರಿನಲ್ಲಿ ಹೆಚ್ಚುಕಡಿಮೆ ಡಾಕ್ಟರೇ. ಸುಧಾ ಆಂಟಿ ಹುಟ್ಟಿದ್ದು ಅಲ್ಲಿಯೇ. ಆರು ವರ್ಷವಾದಾಗ ಮೈಸೂರಿಗೆ ಹಿಂದಿರುಗಿದರಂತೆ.

2011ರ ಜುಲೈನಿಂದ ತಿಂಗಳಿಗೆ ಎರಡು ಮೂರು ಶನಿವಾರ ಬೆಳಿಗ್ಗೆ ರೈಲು ಹಿಡಿದು ಅವರ ಊರಿಗೆ ಹತ್ತಿರದ ಫುಲರ್ಟನ್‌ಗೆ ಹೋಗುತ್ತಿದ್ದೆ. ಆಂಟಿ ಕಾರಿನಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದರು. ಮೊದಲ ದಿನ ತಾತ — ಹಾಗೇ ಕರೆಯೆಂದು ಅವರೇ ಹೇಳಿದರು — ನನ್ನ ದನಿ ಬಂದ ಕಡೆಗೆ ಮುಖವನ್ನು ಸ್ವಲ್ಪ ಓರೆ ಮಾಡಿ ನೋಡಿದರು. ಅವರ ಕಣ್ಣಿನ ನಡುಭಾಗ ಪೂರ್ತಿ ಮಸುಕು, ಅಂಚಿನಲ್ಲಿ ಮಾತ್ರ ಕಾಣುತ್ತಿತ್ತು. ಓದಲು ಆಗುತ್ತಿರಲಿಲ್ಲ.

“ಏನು ಡಾಕ್ಟ್ರಮ್ಮ ನೀನು?”

“ಹಲ್ಲಿನ ಡಾಕ್ಟ್ರು, ತಾತ.”

“ನನಗಿರೋದೇ ಮೂರು. ಬೇಗ ಎಣಿಸಿಬಿಡು, ಕಾಫಿಗೆ ಹೊತ್ತಾಯ್ತು.”

ಅಡುಗೆಮನೆಯಿಂದ ಆಂಟಿ ಕೂಗಿದರು. “ಮೂರಲ್ಲ ವಾರಿಜಾ, ಐದು. ಅಪ್ಪ ಎರಡನ್ನ ಲೆಕ್ಕಕ್ಕೇ ಇಡಲ್ಲ.”

“ಅಲ್ಲಾಡೋದನ್ನ ಲೆಕ್ಕಕ್ಕೆ ಇಡಬಾರದು ಕಣೇ. ಇಂಥದ್ದನ್ನ ಸರ್ಕಾರಕ್ಕೆ ಬರೆದು ಬರೆದೇ ನಾನು ಹಾಳಾಗಿದ್ದು.”

ಆ ಕೊನೆಯ ಮಾತಿಗೆ ನಾವು ಮೂವರೂ ನಕ್ಕೆವು.

ಹತ್ತು ಧ್ವನಿಮುದ್ರಿಕೆಗಳು ಇಂಗ್ಲಿಷಿನಲ್ಲಿ ಸರಾಗವಾಗಿ ಆದವು. ತಗಡಿನ ಚಾವಣಿಯ ಶೆಡ್ಡಿನಲ್ಲಿ ಪಾಠ. ಕಲಿಯಲು ಬಂದವರ ಹತ್ತಿರ ಗಡಿಯಾರ ಇರಲಿಲ್ಲ, ದಾರಕ್ಕೆ ಕಲ್ಲು ಕಟ್ಟಿ ತೂಗಿಸಿ ನಾಡಿ ಎಣಿಸುವುದನ್ನು ಕಲಿಸಿದರಂತೆ. ಸೂಜಿ ಕುದಿಸಲು ಐದು ನಿಮಿಷದ ಮರಳುಗಡಿಯಾರ. ನೀರು ಚೆನ್ನಾಗಿ ಮರಳಿದ ಮೇಲೆ ಅದನ್ನು ನಾಲ್ಕು ಸಲ ತಿರುಗಿಸಬೇಕು, ಇಪ್ಪತ್ತು ನಿಮಿಷ. “ಅದು ಎತ್ತರದ ಜಾಗ. ಅಲ್ಲಿ ನೀರು ಬೇಗ ಕುದಿಯುತ್ತೆ, ಆದರೆ ಬಿಸಿ ಸಾಲದು. ಗುಳ್ಳೆ ನೋಡಿ ಮೋಸ ಹೋಗಬೇಡಿ ಅಂತ ಪ್ರತಿ ತಂಡಕ್ಕೂ ಹೇಳ್ತಿದ್ದೆ” ಎಂದಿದ್ದರು. ಹಲ್ಲಿನ ಕಾಲೇಜಿನಲ್ಲಿ ಉಪಕರಣ ಶುದ್ಧ ಮಾಡುವುದನ್ನು ಕಲಿತ ನನಗೆ ಅದು ಎಷ್ಟು ಸರಿಯಾದ ಮಾತು ಎಂದು ಗೊತ್ತಿತ್ತು.

ಹನ್ನೊಂದನೆಯದು ಅಕ್ಟೋಬರ್ 22, ಶನಿವಾರ. ಆಂಟಿ ದೀಪಾವಳಿಯ ಸಾಮಾನಿಗೆಂದು ನಮ್ಮವರ ಅಂಗಡಿಗಳಿರುವ ಆರ್ಟೀಸಿಯಾಗೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ರೆಕಾರ್ಡರ್ ಒತ್ತಿದೆ. ತಾತ ಕನ್ನಡದಲ್ಲಿ ಶುರುಮಾಡಿದರು.

“ಇದನ್ನ ಇಂಗ್ಲಿಷಿನಲ್ಲಿ ಒಂದು ಸಲ ಬರೆದಾಗಿದೆ ಅಮ್ಮ. ಅದು ಸರಿಯಿಲ್ಲ. ಇವತ್ತು ಕನ್ನಡದಲ್ಲಿ ಹೇಳ್ತೀನಿ. ನೀನು ಇಂಗ್ಲಿಷಿಗೆ ಮಾಡು.”

ಅವರು ಹೇಳಿದ್ದು ಇದು. ಯಾಸ್ ಎಂಬ ಚರ್ಮದ ಹುಣ್ಣಿನ ಕಾಯಿಲೆಗೆ ಪೆನ್ಸಿಲಿನ್ ಬಂದಿದ್ದ ಹೊಸತು. ಒಂದೇ ಇಂಜೆಕ್ಷನ್ನಿಗೆ ಹುಣ್ಣು ಒಣಗುತ್ತಿತ್ತು, ಜನ ದೂರದೂರದಿಂದ ನಡೆದು ಬರುತ್ತಿದ್ದರು. ಬೆಟ್ಟದ ಮೇಲಿನ ಒಂದು ಊರಿನಲ್ಲಿ ಕ್ಯಾಂಪು. ಸೂಜಿಗಳ ಹೊಣೆ ಡ್ರೆಸ್ಸರ್ ಯೋಹಾನನದು. ಅವನು ತಾತನ ಮೊದಲ ತಂಡದ ವಿದ್ಯಾರ್ಥಿ, ಪರೀಕ್ಷೆಯಲ್ಲಿ ಮೊದಲಿಗ.

“ಸಾಲು ಮುಂದಕ್ಕೇ ಹೋಗ್ತಿರಲಿಲ್ಲ. ಇರೋವು ಕಡಿಮೆ ಸೂಜಿ, ಇವನು ಪ್ರತಿ ಸಲ ನಾಲ್ಕು ಸಲ ತಿರುಗಿಸೋನು. ನಾನು ಹೋಗಿ ಒಂದು ಸಲ ಸಾಕು ಅಂದೆ. ಅವನು — ಡಾಕ್ಟರ್, ತರಗತಿಯಲ್ಲಿ ನಾಲ್ಕು ಅಂದಿದ್ರಿ. ನಾನಂದೆ — ತರಗತಿ ತರಗತಿ, ಕ್ಯಾಂಪು ಕ್ಯಾಂಪು. ಹಾಗಂದು ಆ ಮರಳುಗಡಿಯಾರ ಅವನ ಕೈಯಿಂದ ಈಸಿಕೊಂಡು ಕೋಟಿನ ಜೇಬಿಗೆ ಹಾಕ್ಕೊಂಡುಬಿಟ್ಟೆ.”

ಒಂದು ವಾರದಲ್ಲಿ ಇಂಜೆಕ್ಷನ್ ಚುಚ್ಚಿದ ಜಾಗ ಬಾತು ಕೀವಾಗಿ ಜನ ವಾಪಸು ಬರತೊಡಗಿದರು. ನಾಲ್ಕು ಮಕ್ಕಳು ಉಳಿಯಲಿಲ್ಲ. ವಿಚಾರಣೆಗೆ ಮೇಲಿನ ಅಧಿಕಾರಿ ಬಂದ.

“‘ಸೂಜಿ ಕುದಿಸುವ ಹೊಣೆ ಡ್ರೆಸ್ಸರ್ ಯೋಹಾನನದು, ನಿಗದಿಯಾದ ಹೊತ್ತು ಪಾಲಿಸಿಲ್ಲ’ ಅಂತ ಬರೆದುಕೊಟ್ಟೆ. ನೋಡು, ಇದರಲ್ಲಿ ಒಂದು ಪದವೂ ಸುಳ್ಳಲ್ಲ. ಅದಕ್ಕೇ ಅದು ಇಷ್ಟು ವರ್ಷ ನಿಂತಿದೆ. ಯೋಹಾನ ಅಲ್ಲೇ ನಿಂತಿದ್ದ. ಏನೂ ಹೇಳಲಿಲ್ಲ. ನನ್ನ ಕಡೆ ನೋಡ್ತಾ ಇದ್ದ. ಮೇಷ್ಟ್ರು ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ…”

ಇಲ್ಲಿ ಒಂದು ನಿಮಿಷ ಹತ್ತು ಸೆಕೆಂಡ್ ಮೌನವಿದೆ. ಮನೆಯ ಹಿಂದಿನ ಗುಡ್ಡದ ಕಡೆಯಿಂದ ಯಾರೋ ನಾಯಿಯನ್ನು ಕರೆಯುವುದು ಕೇಳುತ್ತದೆ.

“ಅವನ ಹೆಸರು ಪಟ್ಟಿಯಿಂದ ಹೊಡೆದುಹಾಕಿದರು. ಸರ್ಟಿಫಿಕೇಟು ವಾಪಸು ತಗೋಬೇಕಲ್ಲ, ಅದಕ್ಕೆ ನನ್ನನ್ನೇ ಕಳಿಸಿದರು. ನಾನೇ ಸಹಿ ಹಾಕಿ ಕೊಟ್ಟಿದ್ದು. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ಅವನ ಹೆಂಡತಿ ಇಳಿಸಿ, ಸೆರಗಿನಲ್ಲಿ ಗಾಜು ಒರೆಸಿ ಕೊಟ್ಟಳು.”

ಟಾಂಗಾನಿಕಾದ ಹೆಂಗಸು ಸೆರಗಿನಲ್ಲಿ ಹೇಗೆ ಒರೆಸುತ್ತಾಳೆ ಎಂದು ನಾನು ಕೇಳಲಿಲ್ಲ. ಅವರಿಗೆ ಅದು ಸೆರಗಾಗಿಯೇ ನೆನಪಿತ್ತು.

ಕೊನೆಗೆ ಹೇಳಿದರು: “ಅವನ ಪೂರ್ತಿ ಹೆಸರು ಹಾಕು. ಅವನ ಊರು ಹಾಕು. ಅಲ್ಲಿಯ ಜನ ಓದಬೇಕು. ಸುಧಾಗೆ ನಾನೇ ಹೇಳೋಣ ಅಂದ್ಕೋತೀನಿ, ಬಾಯಿ ಬರಲ್ಲ. ಅಲ್ಲಿ ಓದಿಯೇ ತಿಳೀಲಿ.”

ಒಟ್ಟು ಹತ್ತೊಂಬತ್ತು ನಿಮಿಷ. ಯೋಹಾನನ ಹೆಸರು ಹನ್ನೊಂದು ಸಲ ಬರುತ್ತದೆ.

ನನ್ನ ದಿನಚರಿಯಲ್ಲಿ ಆ ದಿನದ ನಮೂದು ಹೀಗಿದೆ: “11 ಮುಗಿಯಿತು. ಬಾಕಿ 3. ವಾಪಸು ರೈಲು ಹನ್ನೆರಡು ನಿಮಿಷ ತಡ.” ಅಷ್ಟೇ.

ಈಗ ನಾನು ಮಾಡಿದ್ದನ್ನು ಹೇಳಬೇಕು — ಹೇಗೆ ಮಾಡಿದೆ ಎನ್ನುವುದನ್ನೂ. ನಮ್ಮ ಪ್ರಾಜೆಕ್ಟಿಗೆ ಒಂದು ನಿಯಮವಿತ್ತು. ಮಾತಾಡುವವರು ಯಾರದಾದರೂ ಸಾವಿಗೆ ಸಂಬಂಧಿಸಿದ ಸಂಗತಿ ಹೇಳಿ, ಇನ್ನೊಬ್ಬರ ಹೆಸರು ಹಿಡಿದರೆ, ಅಲ್ಲಿಗೆ ನಿಲ್ಲಿಸಿ ಪ್ರೊಫೆಸರಿಗೆ ತಿಳಿಸಬೇಕು. ಅದು ಎಥಿಕ್ಸ್ ಕಮಿಟಿಗೆ ಹೋಗಬೇಕು. ಒಪ್ಪಿಗೆ ಬರಲು ಆರು ವಾರವೋ ಎಂಟು ವಾರವೋ. ನನ್ನ ಪ್ರಾಜೆಕ್ಟ್ ವರದಿ ಕೊಡಬೇಕಾದದ್ದು ಡಿಸೆಂಬರ್ ಮೊದಲ ವಾರ. ಲಾಸ್ ಏಂಜಲಿಸ್‌ನಲ್ಲಿ ಜನವರಿಗೆ ಕೆಲಸ ಸಿಕ್ಕಿತ್ತು. ಗೋಡೆಯ ಮೇಲೆ ಹದಿನಾಲ್ಕು ಮನೆಗಳ ಒಂದು ಚಾರ್ಟ್ ಅಂಟಿಸಿದ್ದೆ, ಒಂದೊಂದು ಮುಗಿದ ಹಾಗೆ ಹಸಿರು ಬಣ್ಣ. ಹನ್ನೊಂದನೆಯ ಮನೆ ಖಾಲಿಯಿತ್ತು.

ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಸುಧಾ ಆಂಟಿಗೆ ನೋವಾಗುತ್ತದೆ, ಮುದುಕರ ಮರ್ಯಾದೆ ಹೋಗುತ್ತದೆ ಎಂದೆಲ್ಲ ಆಮೇಲೆ ನಾನೇ ಕಾರಣಗಳನ್ನು ಜೋಡಿಸಿಕೊಂಡೆ. ಆ ಹೊತ್ತಿನಲ್ಲಿ ಇದ್ದದ್ದು ಆ ಒಂದು ಖಾಲಿ ಮನೆ. ಆ ಇಡೀ ಕಟ್ಟಡದಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಧ್ವನಿಮುದ್ರಿಕೆ ಸಂಗ್ರಹಾಲಯದಲ್ಲಿ ಇದ್ದರೂ ಅದನ್ನು ಕೇಳಿ ‘ಇದೇನು ಸ್ಪಷ್ಟವಾಗಿದೆಯಲ್ಲ’ ಎನ್ನುವವರು ಯಾರೂ ಇರಲಿಲ್ಲ. ನವೆಂಬರ್ 8, ಮಂಗಳವಾರ, ಮಧ್ಯಾಹ್ನ ಮೂರೂವರೆಗೆ ಟೈಪ್ ಮಾಡಿದೆ: ‘ಕನ್ನಡ, ಹತ್ತೊಂಬತ್ತು ನಿಮಿಷ, ಮಾತು ಅಸ್ಪಷ್ಟ.’ ಹಸಿರು ಬಣ್ಣ ತುಂಬಿದೆ.

ಇದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು.

ಬರಹವನ್ನೆಲ್ಲ ಮಾತಾಡಿದವರಿಗೆ ತೋರಿಸಿ ಸಹಿ ಪಡೆಯಬೇಕಿತ್ತು. ತಾತನಿಗೆ ಕಣ್ಣು ಕಾಣದು, ಆದ್ದರಿಂದ ನಾನು ಓದಿ ಹೇಳಬೇಕು. ನವೆಂಬರ್ 19ರಂದು ಹೋದೆ. ಹತ್ತು ಮುಗಿಯಿತು. ಹನ್ನೊಂದಕ್ಕೆ ಬಂದೆ. ಪುಟದಲ್ಲಿ ಆ ಒಂದು ಸಾಲು, ಕೆಳಗೆ ಬಿಳಿ ಕಾಗದ. ತಾತ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತರು, ಎರಡೂ ಕೈ ಮಂಡಿಯ ಮೇಲೆ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ. ನಾನು — ಓದಿದೆ. ಬಿಳಿ ಕಾಗದವನ್ನು ನೋಡುತ್ತ, ನೆನಪಿನಿಂದ, ಅವರು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಅಲ್ಲಲ್ಲೇ ಇಂಗ್ಲಿಷು ಮಾಡಿ, ಓದುವ ದನಿಯಲ್ಲಿ ಹೇಳುತ್ತ ಹೋದೆ. ಸದ್ದು ಕೇಳಲಿ ಎಂದು ಎರಡು ಸಲ ಪುಟ ಮಗುಚಿದೆ.

ಒಂದು ಕಡೆ ಅವರು ಕೈಯೆತ್ತಿದರು. “ಏನಂದೆ? ಹೆಲ್ಪರ್ ಅಂದ್ಯಾ?”

“ಹೌದು, ತಾತ.”

“ಹೆಲ್ಪರ್ ಅಲ್ಲಮ್ಮ. ಡ್ರೆಸ್ಸರ್. ಪರೀಕ್ಷೆ ಪಾಸು ಮಾಡಿದೋನು ಅವನು. ತಿದ್ದು.”

ನಾನು ಪೆನ್ನು ತೆಗೆದು ಬಿಳಿ ಕಾಗದದ ಮೇಲೆ ಗೀಚಿದೆ. ಪೆನ್ನಿನ ಸದ್ದು ಅವರಿಗೆ ಕೇಳಬೇಕಿತ್ತು.

ಮುಗಿದ ಮೇಲೆ ಕೇಳಿದರು: “ಎಲ್ಲಾ ಬಂತೇನಮ್ಮ?”

“ಎಲ್ಲಾ ಬಂತು, ತಾತ.”

ಅವರ ಬೆರಳು ಹಿಡಿದು ಸಹಿಯ ಗೆರೆಯ ಮೇಲೆ ಇಟ್ಟೆ. ಸಹಿ ಹಾಕಿದರು. ಆ ದಿನ ಮಧ್ಯಾಹ್ನ ಹುಳಿ ಅನ್ನ ಎರಡು ಸಲ ಹಾಕಿಸಿಕೊಂಡರು. ಆಂಟಿ ಆಶ್ಚರ್ಯಪಟ್ಟು, “ಏನು ಮಂತ್ರ ಹಾಕಿದ್ಯೇ ನಮ್ಮಪ್ಪಂಗೆ?” ಎಂದರು. ನಾನು ನಕ್ಕೆ. ನನಗೆ ನಗು ಬಂತು ಎನ್ನುವುದನ್ನೂ ಇಲ್ಲಿ ಬರೆಯಬೇಕು.

ಕೆಲಸಕ್ಕೆ ಸೇರಿದ ಮೇಲೆ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದೆ. ಪ್ರತಿ ಸಲವೂ ತಾತ ಕೊನೆಗೆ ಒಂದೇ ಮಾತು ಕೇಳುತ್ತಿದ್ದರು. “ಅಲ್ಲಿಂದ ಯಾರಾದರೂ ಬರೆದರಾ?” ಯೋಹಾನನ ಕಡೆಯವರು ಓದಿರುತ್ತಾರೆ, ಓದಿದರೆ ಬರೆದಾರು, ಬೈದಾದರೂ ಬರೆದಾರು ಎಂದು ಕಾಯುತ್ತಿದ್ದರು. “ಇಲ್ಲ ತಾತ, ಇನ್ನೂ ಇಲ್ಲ.” ದಿನಚರಿಯಲ್ಲಿ ಎಣಿಸಿದ್ದೇನೆ: ಹದಿಮೂರು ಸಲ. ಓದಲು ಅಲ್ಲಿ ಏನೂ ಇರಲಿಲ್ಲ. 2013ರ ಫೆಬ್ರವರಿಯಲ್ಲಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಆಂಟಿ ನನ್ನ ಕೈ ಹಿಡಿದುಕೊಂಡು, “ಕೊನೆ ವರ್ಷ ಅಪ್ಪ ನೆಮ್ಮದಿಯಾಗಿದ್ರು ವಾರಿಜಾ. ನಿನ್ನ ಹತ್ತಿರ ಎಲ್ಲಾ ಹೇಳ್ಕೊಂಡ್ರು ನೋಡು” ಎಂದರು. ಆ ಬರಹವನ್ನು ಅವರೂ ಓದಿದ್ದರು. ‘ಮಾತು ಅಸ್ಪಷ್ಟ’ ಎಂಬ ಸಾಲನ್ನು ದಾಟಿ ಹೋಗಿದ್ದರು. ನನ್ನನ್ನು ನಂಬಿದವರು ಯಾಕೆ ಅಲ್ಲಿ ನಿಲ್ಲುತ್ತಾರೆ?

ಆಮೇಲಿನ ವರ್ಷಗಳಲ್ಲಿ ಆ ದನಿ ನನ್ನನ್ನು ಬಿಡಲಿಲ್ಲ. ನನ್ನ ಕೆಲಸ ಕ್ಲಿನಿಕ್ಕುಗಳ ಸಿಬ್ಬಂದಿಗೆ ಲಸಿಕೆ ಇಡುವುದು, ಕೊಡುವುದು, ಲೆಕ್ಕ ಬರೆಯುವುದನ್ನು ಕಲಿಸುವುದು. ಪೋರ್ಟರ್ ರ್ಯಾಂಚ್‌ನಿಂದ ಲಾಂಗ್ ಬೀಚ್‌ನ ತನಕ ಡ್ರೈವ್ ಮಾಡಿಕೊಂಡು ಹೋಗಿ ತರಗತಿ ನಡೆಸುತ್ತೇನೆ. ‘ಆದದ್ದನ್ನು ಬರೆಯಿರಿ, ಆಗಬೇಕಿದ್ದದ್ದನ್ನಲ್ಲ’ ಎಂದು ಹೇಳುವ ಹೊತ್ತಿಗೆ, ಹಿಂದಿನ ಸಾಲಿನಲ್ಲಿ ಯಾರೋ ಸುಮ್ಮನೆ ನಿಂತು ನನ್ನ ಕಡೆ ನೋಡುತ್ತಿದ್ದಾರೆ ಅನ್ನಿಸುತ್ತದೆ — ಮೇಷ್ಟ್ರು ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ. ಅಲ್ಲಿ ಯಾರೂ ಇರುವುದಿಲ್ಲ. ಯೋಹಾನನ ಮುಖ ನಾನು ಕಂಡೇ ಇಲ್ಲ.

2016ರ ಮೇ 12ರಂದು ಸಂಗ್ರಹಾಲಯದಿಂದ ಒಂದು ಇಮೇಲ್ ನನಗೆ ಬಂತು. ತಾಂಜಾನಿಯಾದ ಎಸ್ತರ್ ಎಂಬವರು ಬರೆದಿದ್ದರು. ನಿವೃತ್ತ ಸೂಲಗಿತ್ತಿ ನರ್ಸ್, ಯೋಹಾನನ ಮಗಳು. ಡಾಕ್ಟರ್ ಅನಂತಯ್ಯನವರ ಹೆಸರು ನಿಮ್ಮ ಪಟ್ಟಿಯಲ್ಲಿ ಕಂಡಿತು, ಅವರು ನಮ್ಮ ತಂದೆಯ ಬಗ್ಗೆ ಏನಾದರೂ ಹೇಳಿದ್ದಾರೆಯೇ ಎಂದು ಕೇಳಿದ್ದರು. ‘ಮಕ್ಕಳನ್ನು ಕೊಂದವನು ಎಂದು ನಮ್ಮ ಊರಿನಲ್ಲಿ ಅವರನ್ನು ಕರೆಯುತ್ತಿದ್ದರು. ತೀರಿಕೊಳ್ಳುವ ತನಕ ಯಾರಿಗೂ ಒಂದು ಬ್ಯಾಂಡೇಜು ಕಟ್ಟಲಿಲ್ಲ. ನನ್ನ ತಾಯಿ ರಹೇಲ್‌ಗೆ ಈಗ ಎಂಬತ್ತೆಂಟು. ಒಳ್ಳೆಯದೋ ಕೆಟ್ಟದ್ದೋ, ಏನಿದ್ದರೂ ಅವಳಿಗೆ ಓದಿ ಹೇಳಬೇಕು. ದಯವಿಟ್ಟು ಬೇಗ ತಿಳಿಸಿ.’

ಬೇಗ ತಿಳಿಸಿ ಎಂದಿದ್ದರು. ಸೆರಗಿನಲ್ಲಿ ಗಾಜು ಒರೆಸಿಕೊಟ್ಟ ಹೆಂಗಸು ಬದುಕಿದ್ದಾಳೆ ಎಂದು ನನಗೆ ತಿಳಿಯಿತು. ಐದು ದಿನ ಸುಮ್ಮನಿದ್ದೆ. ನಿಜ ಹೇಳಿದರೆ ನಾನು ಬರಹ ತಿರುಚಿದ್ದು ಹೊರಬೀಳುತ್ತದೆ. ನನ್ನ ಡಿಗ್ರಿ, ನನ್ನ ಕೆಲಸ, ಆಗತಾನೇ ಅಪ್ಲೈ ಮಾಡಿದ್ದ ಗ್ರೀನ್ ಕಾರ್ಡ್… ನಾಲ್ಕು ಸಲ ಬರೆದು ಅಳಿಸಿ, ಐದನೆಯ ಸಲ ಕಳಿಸಿದೆ: ‘ಕ್ಷಮಿಸಿ, ಆ ಹೆಸರಿನ ಉಲ್ಲೇಖ ಬರಹದಲ್ಲಿ ಇಲ್ಲ. ಧ್ವನಿಮುದ್ರಿಕೆಯ ಒಂದು ಭಾಗ ಅಸ್ಪಷ್ಟವಾಗಿದೆ.’

ಬರಹದಲ್ಲಿ ಇಲ್ಲ ಎನ್ನುವುದು ನಿಜ. ಎಷ್ಟು ಜಾಗರೂಕತೆಯಿಂದ ಆ ಪದವನ್ನು ಹುಡುಕಿದ್ದೆ! ಅವರ ಉತ್ತರ ಒಂದೇ ಸಾಲು: ‘ಹುಡುಕಿ ನೋಡಿದ್ದಕ್ಕೆ ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.’

ಹಾಗಾದರೆ ಈಗ ಯಾಕೆ ಹೇಳುತ್ತಿದ್ದೇನೆ? ಮನಸ್ಸು ಕರಗಿ ಅಲ್ಲ. ಈ ವರ್ಷ, 2019ರ ಮಾರ್ಚಿನಲ್ಲಿ, ಸಂಗ್ರಹಾಲಯದವರು ಎಲ್ಲ ಧ್ವನಿಮುದ್ರಿಕೆಗಳನ್ನೂ ಇಂಟರ್ನೆಟ್ಟಿನಲ್ಲಿ ಹಾಕುವುದಾಗಿ ತಿಳಿಸಿದರು. ಇನ್ನು ಕನ್ನಡ ಬಲ್ಲ ಯಾರು ಬೇಕಾದರೂ ಕೇಳಬಹುದು. ಸಿಕ್ಕಿಬೀಳುವ ಮೊದಲು ಒಪ್ಪಿಕೊಂಡಳು ಎಂದು ಯಾರಾದರೂ ಹೇಳಿದರೆ, ಅದು ಸರಿಯಾದ ಮಾತು.

ಮೊದಲು ಡೈಮಂಡ್ ಬಾರ್‌ಗೆ ಹೋದೆ. ಏಪ್ರಿಲ್ 6, ಶನಿವಾರ, ಬೆಳಿಗ್ಗೆ ಹತ್ತೂಕಾಲು. ಆಂಟಿ ಯುಗಾದಿಯ ಒಬ್ಬಟ್ಟಿಗೆ ಬೇಳೆ ಬೇಯಿಸುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವರು ಸ್ಟವ್ ಆರಿಸಿದರು. ತಂದೆಯ ಬಗ್ಗೆ ಕೇಳಿ ಕುಸಿಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕಡೆ ತಿರುಗಿದರು.

“ಯೋಹಾನ ಮಾಮ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಓಡಾಡ್ತಿದ್ದ ಕಣೇ. ಒಂದು ದಿನ ಬರೋದು ನಿಲ್ಲಿಸಿಬಿಟ್ಟ. ಊರಿಗೆ ಹೋದ ಅಂದ್ರು ಅಪ್ಪ. ನಾನು ಎಷ್ಟು ದಿನ ಅತ್ತೆ ಗೊತ್ತಾ?”

“ಆಂಟಿ, ನಿಮಗೆ ನೋವಾಗುತ್ತೆ ಅಂತ…”

“ನನ್ನ ಹೆಸರು ಹೇಳ್ಬೇಡ. ನನ್ನನ್ನ ಕೇಳಿದ್ಯಾ ನೀನು? ಅರವತ್ತು ವರ್ಷ ಹೊಟ್ಟೇಲಿಟ್ಕೊಂಡು, ಕೊನೆಗೊಂದು ಸಲ ಬಾಯಿಬಿಟ್ರು ನಮ್ಮಪ್ಪ. ಅದನ್ನೂ ಇಲ್ಲ ಅನ್ನಿಸೋಕೆ ನೀನು ಯಾರೇ?”

ಆಮೇಲೆ ಅವರು ಊಟದ ಮೇಜಿನ ಹತ್ತಿರ ಕೂತು, “ಹಾಕು. ಕೇಳ್ತೀನಿ” ಎಂದರು. ಹತ್ತೊಂಬತ್ತು ನಿಮಿಷ ಅಲುಗಾಡದೆ ಕೇಳಿದರು. ಮುಗಿದ ಮೇಲೆ, “ಆ ಹೆಂಗಸಿಗೆ ಇವತ್ತೇ ಬರಿ. ಬರೆದ ಮೇಲೆ ನನಗೆ ಹೇಳೋಕೆ ಬರಬೇಡ. ನನಗೆ ಬೇಕಾದಾಗ ನಾನೇ ಕರೀತೀನಿ” ಎಂದು ಬಾಗಿಲ ತನಕ ಬಂದರು. ಇನ್ನೂ ಕರೆದಿಲ್ಲ.

ಅದೇ ದಿನ ಮಧ್ಯಾಹ್ನ ಎಸ್ತರ್‌ಗೆ ಬರೆದೆ. ಕನ್ನಡದ ಮಾತನ್ನೆಲ್ಲ, ಆ ಮೌನದ ಒಂದು ನಿಮಿಷ ಹತ್ತು ಸೆಕೆಂಡನ್ನೂ ಬಿಡದೆ, ಇಂಗ್ಲಿಷಿಗೆ ಮಾಡಿ ಕಳಿಸಿದೆ. 2016ರಲ್ಲಿ ನಾನು ಕಳಿಸಿದ ಉತ್ತರ ಸುಳ್ಳು, ನಾನು ಆಗಲೇ ಎಲ್ಲ ಬಲ್ಲವಳಾಗಿದ್ದೆ ಎಂದೂ ಬರೆದೆ. ಪ್ರೊಫೆಸರಿಗೆ, ಸಂಗ್ರಹಾಲಯಕ್ಕೆ, ನನ್ನ ಆಫೀಸಿಗೆ ಪ್ರತಿ ಹಾಕಿದೆ.

ಎಂಟು ದಿನವಾದ ಮೇಲೆ, ಭಾನುವಾರ ಬೆಳಿಗ್ಗೆ, ಎಸ್ತರ್ ಫೋನ್ ಮಾಡಿದರು. ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡಿದರು.

“ನನ್ನ ತಾಯಿ ಎರಡು ವರ್ಷದ ಹಿಂದೆ ಹೋದಳು.”

ನಾನು ಏನೋ ಹೇಳಲು ಹೋದೆ. ಅವರು ತಡೆದರು.

“ಆ ಡಾಕ್ಟರ್ ಮಾತನ್ನು ಹಾಕಿ. ನನಗೆ ನಿಮ್ಮ ಭಾಷೆ ಬರುವುದಿಲ್ಲ. ನಮ್ಮ ಅಪ್ಪನ ಹೆಸರು ಬರುತ್ತದಲ್ಲ, ಅದು ಕೇಳಿಸಿದರೆ ಸಾಕು.”

ಹಾಕಿದೆ. ಅರ್ಥವಾಗದ ಭಾಷೆಯ ಹತ್ತೊಂಬತ್ತು ನಿಮಿಷವನ್ನು ಅವರು ಪೂರ್ತಿ ಕೇಳಿದರು. ಹೆಸರು ಬಂದಾಗಲೆಲ್ಲ ಆ ಕಡೆಯಿಂದ ಸಣ್ಣದಾಗಿ ಒಂದು ಸದ್ದು, ಹೂಂಗುಟ್ಟಿದ ಹಾಗೆ. ಹನ್ನೊಂದು ಸಲ. ಮುಗಿದ ಮೇಲೆ ಕೇಳಿದರು:

“ನಿಮಗೆ ಯಾರದಾದರೂ ಭಯ ಇತ್ತೇ?”

“ಇಲ್ಲ.”

“ಮತ್ತೆ?”

ಎಂಟು ವರ್ಷ ಜೋಡಿಸಿಟ್ಟುಕೊಂಡಿದ್ದ ಕಾರಣಗಳಲ್ಲಿ ಒಂದೂ ನಾಲಗೆಗೆ ಬರಲಿಲ್ಲ. “ನನಗೆ ಆ ವಾರದಲ್ಲಿ ಕೆಲಸ ಮುಗಿಸಬೇಕಿತ್ತು” ಎಂದೆ.

ಆ ಕಡೆ ಯಾವುದೋ ಕೋಳಿ ಕೂಗಿತು. ಅಲ್ಲಿ ಆಗ ಸಂಜೆ ಇರಬೇಕು.

“ನಮ್ಮ ಅಪ್ಪ ಮನೆಯಲ್ಲಿ ಒಂದೇ ಒಂದು ಸಲ ಆ ಕ್ಯಾಂಪಿನ ಮಾತು ಆಡಿದ್ದರು” ಎಂದರು ಎಸ್ತರ್. “ಡಾಕ್ಟರ್ ಯಾಕೆ ಹಾಗೆ ಮಾಡಿದರು ಎಂದು ಅಮ್ಮ ಕೇಳಿದ್ದಳು. ‘ಪಾಪ, ಅವರಿಗೆ ಆ ವಾರದಲ್ಲಿ ಮುಗಿಸಬೇಕಿತ್ತು’ ಎಂದಿದ್ದರು ಅಪ್ಪ.”

ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಸುಮ್ಮನೆ ನೆನಪು ಮಾಡಿಕೊಂಡರು, ಅಷ್ಟೇ. ಕ್ಷಮಿಸಿದ್ದೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ತಿದ್ದಿದ ಬರಹದ ಎರಡು ಪ್ರತಿ ಅಂಚೆಯಲ್ಲಿ ಬೇಕು ಎಂದರು. ಒಂದು ತನಗೆ, ಒಂದು ಆ ಬೆಟ್ಟದ ಊರಿನ ದವಾಖಾನೆಗೆ. ವಿಳಾಸ ಹೇಳಿದರು, ನಾನು ಬರೆದುಕೊಂಡೆ, ತಿರುಗಿ ಓದಿ ಹೇಳಲು ಹೇಳಿದರು. ಓದಿದೆ. ಒಂದು ಅಕ್ಷರ ತಪ್ಪಿತ್ತು. ತಿದ್ದಿಸಿದರು.

ತಿದ್ದುಪಡಿಗೆ ಸಂಗ್ರಹಾಲಯದವರ ಒಂದು ಫಾರಂ ಇದೆ. ತಪ್ಪಿಗೆ ಕಾರಣ ಎಂಬಲ್ಲಿ ಮೂರು ಆಯ್ಕೆ: ಧ್ವನಿಯ ದೋಷ, ಭಾಷೆಯ ದೋಷ, ಟೈಪಿಂಗ್ ದೋಷ. ಮೂರನ್ನೂ ಖಾಲಿ ಬಿಟ್ಟೆ. ಕೆಳಗಿದ್ದ ಜಾಗದಲ್ಲಿ ‘ಬರೆದವಳಿಗೆ ಕೇಳಿಸಿತ್ತು, ಬರೆಯಲಿಲ್ಲ’ ಎಂದು ಬರೆದು ಸಹಿ ಹಾಕಿದೆ. ಅದು ನನ್ನ ಆಫೀಸಿಗೂ ಹೋಗಿದೆ. ಜೂನ್ 3ರಂದು ನನ್ನನ್ನು ಕರೆದಿದ್ದಾರೆ. ಅವರು ಏನು ಕೇಳಿದರೂ ಇಲ್ಲಿ ಬರೆದಷ್ಟನ್ನೇ ಹೇಳುತ್ತೇನೆ.

ರಹೇಲ್‌ಗೆ ಓದಿ ಹೇಳಬೇಕಿದ್ದ ಪುಟಗಳು ಆರು. ನಾನು 2016ರ ಮೇಯಲ್ಲಿ ನಿಜ ಬರೆದಿದ್ದರೆ, ಅವನ್ನು ಕೇಳಲು ಆಕೆಗೆ ಸುಮಾರು ಒಂದು ವರ್ಷ ಸಮಯವಿತ್ತು.